ರುವಾಂಡಾ: ಬಿಟ್ಟುಹೋದವರ ದಾರಿಯಲ್ಲಿ ಆರು ದಿನ

ರುವಾಂಡಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಗೊರಿಲ್ಲಾ ನೋಡಲು ಹೋಗುತ್ತಾರೆ. ಕಿಗಾಲಿಯ ಸ್ಮಾರಕಕ್ಕೆ ಅರ್ಧ ದಿನ ಕೊಟ್ಟು ಮುಂದೆ ಸಾಗುತ್ತಾರೆ. ಈ ಬರಹದ ದಾರಿ ಬೇರೆ. 1994ರ ಏಪ್ರಿಲ್ 7ರಿಂದ ಜುಲೈ ಮಧ್ಯದವರೆಗೆ, ಸುಮಾರು ನೂರು ದಿನಗಳಲ್ಲಿ, ಇಲ್ಲಿ ವಿಶ್ವಸಂಸ್ಥೆಯ ಲೆಕ್ಕದಂತೆ ಎಂಟು ಲಕ್ಷ, ರುವಾಂಡಾ ಸರ್ಕಾರದ ಲೆಕ್ಕದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಬಹುಪಾಲು ದೇಶದ ಅಲ್ಪಸಂಖ್ಯಾತ ಸಮುದಾಯದ ಟುಟ್ಸಿಗಳು. ಬಹುಸಂಖ್ಯಾತ ಸಮುದಾಯದವರಾಗಿದ್ದೂ ಕೊಲೆಗೆ ಒಪ್ಪದ ಹುಟುಗಳೂ ಇದ್ದರು. ಇಷ್ಟೆಲ್ಲ ನಡೆಯುವಾಗ ಹೊರಗಿನವರು ಯಾರೂ ಹತ್ತಿರದಲ್ಲಿರಲಿಲ್ಲ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಇದ್ದರು. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು, ಆಮೇಲೆ ಹೋದರು. ಎಲ್ಲಿಂದ, ಯಾವ ದಿನ, ಯಾರ ಮಾತಿನ ಮೇಲೆ ಹೋದರು ಎಂದು ನೆಲದ ಮೇಲೆ ನಿಂತು ನೋಡುವುದಕ್ಕೆ ಆರು ದಿನ ಬೇಕು.

ಹೊರಡುವ ಮುನ್ನ

ಬೆಂಗಳೂರಿನಿಂದ ಕಿಗಾಲಿಗೆ ಸುಲಭದ ದಾರಿ ಅಡಿಸ್ ಅಬಾಬಾ ಅಥವಾ ದೋಹಾ ಮೂಲಕ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ 30 ದಿನದ ವೀಸಾ ಕಿಗಾಲಿಯಲ್ಲಿ ಇಳಿದ ಮೇಲೆಯೇ ಸಿಗುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಜತೆಗಿಡಬೇಕು. ಅದನ್ನು ಮರೆತವರಿಗೆ ತೊಂದರೆ ಆಗುವುದು ಹೋಗುವಾಗ ಅಲ್ಲ, ಮನೆಗೆ ಮರಳುವಾಗ: ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶದಿಂದ ಪತ್ರವಿಲ್ಲದೆ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ವಿಮಾನ ಬದಲಿಸಬಹುದಾದ ಇಥಿಯೋಪಿಯಾ, ಕೀನ್ಯಾ ಆ ಪಟ್ಟಿಯಲ್ಲಿವೆ. ಚಕ್ಕುಲಿ, ಕೋಡುಬಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋದರೆ ಕವರು ನಿಲ್ದಾಣದಲ್ಲೇ ಹೋಗುತ್ತದೆ. 2008ರಿಂದ ಅಲ್ಲಿ ನಿಷೇಧ. ಡಾಲರ್ ನೋಟು ಹೊಸದಿರಲಿ, ಹಳೆಯ ನೋಟನ್ನು ಮುಟ್ಟುವವರಿಲ್ಲ.

ಏಪ್ರಿಲ್ 7ರಿಂದ 13ರವರೆಗೆ ರಾಷ್ಟ್ರೀಯ ಶೋಕದ ವಾರ. ಆಗ ಹೋದರೆ ಅವರ ಅಳುವಿನ ನಡುವೆ ಕ್ಯಾಮೆರಾ ಹಿಡಿದು ನಿಂತಂತೆ. ಬೇರೆ ತಿಂಗಳು ಒಳ್ಳೆಯದು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಊರಿಗೆ ಊರೇ ಶ್ರಮದಾನಕ್ಕೆ ಇಳಿಯುತ್ತದೆ. ಅವರ ಭಾಷೆಯಲ್ಲಿ ಉಮುಗಾಂಡ. ಹನ್ನೊಂದರವರೆಗೆ ರಸ್ತೆ, ಅಂಗಡಿ ಎರಡೂ ಖಾಲಿ, ಹಾಗಾಗಿ ಅವತ್ತು ಬೆಳಿಗ್ಗೆ ಪ್ರಯಾಣ ಇಟ್ಟುಕೊಳ್ಳಬೇಡಿ. ಇನ್ನೊಂದು ಮುಖ್ಯ ಮಾತು: ಯಾರನ್ನೂ 'ನೀವು ಹುಟುವೋ ಟುಟ್ಸಿಯೋ' ಎಂದು ಕೇಳಬಾರದು. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಬರೆಸಿದ್ದ ಆ ಒಂದು ಪದ, ಅರವತ್ತು ವರ್ಷದ ಮೇಲೆ ರಸ್ತೆ ತಡೆಗಳಲ್ಲಿ ಯಾರು ಬದುಕಬೇಕು ಎಂಬುದನ್ನು ತೀರ್ಮಾನಿಸಿತು. ಈಗಿನ ಚೀಟಿಯಲ್ಲಿ ಅದು ಇಲ್ಲ.

ಮೊದಲ ದಿನ: ಕನೊಂಬೆ

ವಿಮಾನ ನಿಲ್ದಾಣದಿಂದಲೇ ಆರಂಭಿಸಬಹುದು. 1994ರ ಏಪ್ರಿಲ್ 6ರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಅಧ್ಯಕ್ಷ ಜುವೆನಾಲ್ ಹಬ್ಯಾರಿಮಾನಾ ಅವರ ಫಾಲ್ಕನ್ 50 ವಿಮಾನ ಇಲ್ಲಿ ಇಳಿಯಲು ಬರುತ್ತಿದ್ದಾಗ ಕ್ಷಿಪಣಿ ಹೊಡೆದು ಉರುಳಿಸಿದರು. ಬುರುಂಡಿಯ ಅಧ್ಯಕ್ಷ ಸಿಪ್ರಿಯೆನ್ ಎನ್‌ತಾರ್ಯಾಮಿರಾ ಕೂಡ ಅದರಲ್ಲಿದ್ದರು. ವಿಮಾನದ ಚೂರುಗಳು ಬಿದ್ದದ್ದು ಹಬ್ಯಾರಿಮಾನಾ ಅವರ ಸ್ವಂತ ಮನೆಯ ಆವರಣದಲ್ಲಿ. ಆ ಮನೆ ಈಗ ವಸ್ತುಸಂಗ್ರಹಾಲಯ. ಕಾಂಪೌಂಡ್ ಗೋಡೆಯ ಆಚೆ ಲೋಹದ ತುಂಡುಗಳು ಇನ್ನೂ ಬಿದ್ದಿವೆ. ಹೊಡೆದವರು ಯಾರು ಎಂಬ ಜಗಳ ಫ್ರಾನ್ಸಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಈ ದಾರಿಗೆ ಅದು ಅಷ್ಟು ಮುಖ್ಯವಲ್ಲ. ವಿಮಾನ ಬಿದ್ದ ಕೆಲವೇ ಗಂಟೆಗಳಲ್ಲಿ ರಸ್ತೆ ತಡೆಗಳು ಎದ್ದವು, ಕೈಯಲ್ಲಿ ಹೆಸರುಗಳ ಪಟ್ಟಿ ಇತ್ತು ಎಂಬುದು ಮುಖ್ಯ. ಪಟ್ಟಿ ಒಂದು ರಾತ್ರಿಯಲ್ಲಿ ತಯಾರಾಗುವುದಿಲ್ಲ. ಮಚ್ಚುಗಳೂ ಹಾಗೆಯೇ: 1993ರ ಜನವರಿಯಿಂದ 1994ರ ಮಾರ್ಚ್‌ವರೆಗೆ ದೇಶಕ್ಕೆ ಆಮದಾದ ಮಚ್ಚುಗಳ ತೂಕ 5,81,000 ಕಿಲೋ ಎಂದು ಆಮದು ಪರವಾನಗಿಗಳಿಂದಲೇ ಲೆಕ್ಕ ತೆಗೆದಿದ್ದಾರೆ.

ಇದೇ ರನ್‌ವೇ ಮೇಲೆ ಏಪ್ರಿಲ್ 9ರಿಂದ ಫ್ರಾನ್ಸ್ ಮತ್ತು ಬೆಲ್ಜಿಯಂನ ಪ್ಯಾರಾ ಸೈನಿಕರು ಬಂದಿಳಿದರು. ಒಳ್ಳೆಯ ತರಬೇತಿ, ಒಳ್ಳೆಯ ಆಯುಧ. ಕೆಲವೇ ದಿನಗಳಲ್ಲಿ ತಮ್ಮ ತಮ್ಮ ದೇಶದವರನ್ನೂ ಇತರ ವಿದೇಶೀಯರನ್ನೂ ವಿಮಾನಕ್ಕೆ ಹತ್ತಿಸಿಕೊಂಡು ಹೊರಟುಹೋದರು. ಅದೇ ಊರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ಐದು ಕವಚವಾಹನಗಳನ್ನು ನಂಬಿಕೊಂಡು ಕೂತಿದ್ದರು. 22 ಬರಬೇಕಿತ್ತು, ಬಂದದ್ದು ಮೊಜಾಂಬಿಕ್‌ನಲ್ಲಿ ಬಳಸಿ ಬಿಟ್ಟ ಎಂಟು, ಅದರಲ್ಲಿ ಓಡುತ್ತಿದ್ದದ್ದು ಐದು. ಪಡೆಯ ಬಜೆಟ್‌ಗೆ ನ್ಯೂಯಾರ್ಕ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ಏಪ್ರಿಲ್ 4ರಂದು, ಅಂದರೆ ಪಡೆ ಹುಟ್ಟಿ ಆರು ತಿಂಗಳಾದ ಮೇಲೆ, ವಿಮಾನ ಬೀಳುವ ಎರಡು ದಿನ ಮುಂಚೆ.

ನಾಲ್ಕು ವರ್ಷದ ಮೇಲೆ, 1998ರ ಮಾರ್ಚ್ 25ರಂದು, ಬಿಲ್ ಕ್ಲಿಂಟನ್ ಇದೇ ನಿಲ್ದಾಣಕ್ಕೆ ಬಂದು, ಬೇಗ ಎಚ್ಚೆತ್ತುಕೊಳ್ಳಲಿಲ್ಲ ಎಂದು ತಪ್ಪೊಪ್ಪಿಕೊಂಡರು. ನಿಲ್ದಾಣ ಬಿಟ್ಟು ಊರೊಳಗೆ ಹೋಗಲಿಲ್ಲ.

ಎರಡನೆಯ ದಿನ: ಕ್ಯಾಂಪ್ ಕಿಗಾಲಿ, ಕಿಚುಕಿರೊ, ನ್ಯಾಂಜಾ ಗುಡ್ಡ

ಈ ದಿನಕ್ಕೆ ಮೋಟೊ ಸಾಕು. ಬೈಕ್ ಟ್ಯಾಕ್ಸಿಗೆ ಅಲ್ಲಿನ ಹೆಸರು ಮೋಟೊ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಸವಾರನೇ ಕೊಡುತ್ತಾನೆ. ಆದರೆ ಹೊರಡುವ ಮುಂಚೆ ಜನವರಿ 11ರ ಫ್ಯಾಕ್ಸ್ ಏನೆಂದು ತಿಳಿದಿರಬೇಕು. ಇಲ್ಲದಿದ್ದರೆ ಆಗ ರುವಾಂಡಾ ಸೇನೆಯ ಬಿಡಾರವಾಗಿದ್ದ ಕ್ಯಾಂಪ್ ಕಿಗಾಲಿ ಬರೀ ಗುಂಡಿನ ತೂತುಗಳಿರುವ ಒಂದು ಹಳೆಯ ಕಟ್ಟಡ.

ನರಮೇಧಕ್ಕೆ ಮೂರು ತಿಂಗಳು ಮೊದಲು, 1994ರ ಜನವರಿ 11ರಂದು, ಡಲೇರ್ ನ್ಯೂಯಾರ್ಕ್‌ಗೆ ಕಳಿಸಿದ ಫ್ಯಾಕ್ಸ್ ಅದು. ಇಂಟರಾಹಾಮ್ವೆ ಎಂಬ ಆಡಳಿತ ಪಕ್ಷದ ಯುವಕರ ಪಡೆಗೆ ತರಬೇತಿ ಕೊಡುತ್ತಿದ್ದವನೊಬ್ಬ ಬಾಯಿ ಬಿಟ್ಟಿದ್ದ. ಕಿಗಾಲಿಯ ಟುಟ್ಸಿಗಳೆಲ್ಲರ ಪಟ್ಟಿ ಮಾಡಲು ತನಗೆ ಹೇಳಿದ್ದಾರೆ; ಅದು ಅವರನ್ನು ಮುಗಿಸುವುದಕ್ಕೇ ಇರಬೇಕು; ತನ್ನ ಹುಡುಗರು 20 ನಿಮಿಷದಲ್ಲಿ 1,000 ಜನರನ್ನು ಕೊಲ್ಲಬಲ್ಲರು; ಆಯುಧ ಬಚ್ಚಿಟ್ಟ ಜಾಗ ಬೇಕಾದರೆ ತೋರಿಸುತ್ತೇನೆ ಎಂದ. ಇನ್ನೂ ಒಂದು ಮಾತು ಹೇಳಿದ್ದ: ಬೆಲ್ಜಿಯಂ ಸೈನಿಕರನ್ನು ಕೆಣಕಿ, ಕೆಲವರನ್ನು ಕೊಂದರೆ, ಬೆಲ್ಜಿಯಂ ತನ್ನ ಪಡೆಯನ್ನು ವಾಪಸು ಕರೆಸಿಕೊಳ್ಳುತ್ತದೆ ಎಂಬುದು ಯೋಜನೆ. 36 ಗಂಟೆಯೊಳಗೆ ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ ಎಂದು ಡಲೇರ್ ಬರೆದರು.

ಆಗ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕೋಫಿ ಅನ್ನಾನ್. ಅವರ ಹೆಸರಿನಲ್ಲಿ ಬಂದ ಉತ್ತರ: ಬೇಡ, ಅದು ನಿಮಗೆ ಕೊಟ್ಟ ಅಧಿಕಾರದೊಳಗೆ ಬರುವುದಿಲ್ಲ, ಬಲಪ್ರಯೋಗಕ್ಕೆ ದಾರಿಯಾಗುವ ಯಾವುದನ್ನೂ ಮಾಡಬೇಡಿ, ಅಧ್ಯಕ್ಷ ಹಬ್ಯಾರಿಮಾನಾ ಅವರನ್ನೇ ಕಂಡು ವಿಷಯ ತಿಳಿಸಿ, ಅಮೆರಿಕ, ಬೆಲ್ಜಿಯಂ, ಫ್ರಾನ್ಸ್ ರಾಯಭಾರಿಗಳಿಗೂ ಹೇಳಿ. ಕಳ್ಳನ ಕೈಗೇ ಬೀಗದ ಕೈ. ಅಧಿಕಾರದ ಪ್ರಶ್ನೆ ಅಷ್ಟು ಸರಳವೂ ಆಗಿರಲಿಲ್ಲ. ಈ ಪಡೆಯನ್ನು ಹುಟ್ಟುಹಾಕಿದ, 1993ರ ಅಕ್ಟೋಬರ್ 5ರ ಭದ್ರತಾ ಮಂಡಳಿಯ 872ನೇ ನಿರ್ಣಯದಲ್ಲಿ ಕಿಗಾಲಿಯನ್ನು ಆಯುಧಮುಕ್ತವಾಗಿ ಇಡುವುದಕ್ಕೆ ನೆರವಾಗಬೇಕೆಂದು ಇತ್ತು. ಡಲೇರ್ ಹಿಡಿದದ್ದು ಅದೇ ಎಳೆಯನ್ನು. ಅದಕ್ಕೂ ಮುಂಚೆ ಅವರು ಬಲಪ್ರಯೋಗದ ನಿಯಮಗಳ ಕರಡು ಮಾಡಿ, ಮಾನವತೆಯ ವಿರುದ್ಧದ ಅಪರಾಧ ನಡೆದರೆ ತಡೆಯಲು ಬಲ ಬಳಸಬಹುದೆಂದು ಸೇರಿಸಿ ಕಳಿಸಿದ್ದರು. ಅದಕ್ಕೆ ನ್ಯೂಯಾರ್ಕ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಲ್ಲಿದ್ದವರ ತಲೆಯಲ್ಲಿ ಓಡುತ್ತಿದ್ದದ್ದು ಮೊಗದಿಶು: ಹಿಂದಿನ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಆ ಊರಲ್ಲಿ ಆಯುಧ ಹಿಡಿದ ಗುಂಪಿನ ಬೆನ್ನು ಹತ್ತಿ ಹೋಗಿ 18 ಅಮೆರಿಕನ್ ಸೈನಿಕರು ಸತ್ತಿದ್ದರು. ಹಾಗಾಗಿ ಕಿಗಾಲಿಯ ಕಾಗದವನ್ನು ಸೊಮಾಲಿಯಾದ ಕನ್ನಡಕ ಹಾಕಿಕೊಂಡು ಓದಿದರು.

ಈಗ ಕ್ಯಾಂಪ್ ಕಿಗಾಲಿಗೆ ಹೋಗಬಹುದು. ಏಪ್ರಿಲ್ 7ರ ಬೆಳಿಗ್ಗೆ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನಾ ಅವರ ರಕ್ಷಣೆಗೆ ಹೋಗಿದ್ದ 10 ಬೆಲ್ಜಿಯಂ ಸೈನಿಕರ ಆಯುಧ ಕಿತ್ತುಕೊಂಡು ಇಲ್ಲಿಗೆ ತಂದು ಕೊಂದರು. ಪ್ರಧಾನಿಯನ್ನೂ ಅದೇ ಬೆಳಿಗ್ಗೆ ಕೊಂದರು, ಆಕೆ ಹುಟು. ಅಂಗಳದಲ್ಲಿ ಹತ್ತು ಕಲ್ಲಿನ ಕಂಬಗಳು ನಿಂತಿವೆ. ಒಂದೊಂದು ಕಂಬದ ಮೇಲೂ ಗೆರೆ ಕೊರೆದಿದೆ; ಸತ್ತ ಸೈನಿಕನಿಗೆ ಎಷ್ಟು ವಯಸ್ಸೋ ಅಷ್ಟು ಗೆರೆ. ಒಳಗಿನ ಗೋಡೆಯ ತೂತುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ. ಅರ್ಧ ಗಂಟೆಯ ಭೇಟಿ. ಜನವರಿಯ ಫ್ಯಾಕ್ಸ್ ಹೇಳಿದಂತೆಯೇ ಆಯಿತು: ಒಂದು ವಾರದೊಳಗೆ ಬೆಲ್ಜಿಯಂ ತನ್ನ ಪಡೆಯನ್ನು ತೆಗೆಯಲು ತೀರ್ಮಾನಿಸಿತು. ಅಷ್ಟಕ್ಕೆ ಸುಮ್ಮನಿರದೆ, ತಾನೊಬ್ಬನೇ ಹೋದಂತೆ ಕಾಣಬಾರದೆಂದು, ಇಡೀ ಪಡೆಯನ್ನೇ ಹಿಂದೆಗೆಯಬೇಕೆಂದು ಬೇರೆ ದೇಶಗಳ ಬಾಗಿಲು ತಟ್ಟಿತು.

ಮಧ್ಯಾಹ್ನ ಕಿಚುಕಿರೊ. ಇಲ್ಲಿನ ತಾಂತ್ರಿಕ ಶಾಲೆಯನ್ನು ಆಗ ಇಟಿಒ ಎನ್ನುತ್ತಿದ್ದರು. ಸುಮಾರು 90 ಬೆಲ್ಜಿಯಂ ಸೈನಿಕರು ಬೀಡು ಬಿಟ್ಟಿದ್ದರಿಂದ ಸುಮಾರು 2,000 ಜನ ಓಡಿಬಂದು ಒಳಗೆ ಸೇರಿದ್ದರು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಒಳಗೆ ಬರುವ ಧೈರ್ಯ ಮಾಡಲಿಲ್ಲ. ಇದನ್ನು ಗಮನಿಸಬೇಕು: ಒಂದು ಮೆಷಿನ್‌ಗನ್ ಮತ್ತು ನೀಲಿ ಬಾವುಟ ಐದು ದಿನ ಅವರನ್ನು ಹೊರಗೆ ನಿಲ್ಲಿಸಿತ್ತು. ಏಪ್ರಿಲ್ 11ರಂದು ವಿದೇಶೀಯರ ಸಾಗಣೆಗೆ ನೆರವಾಗಲು ಬನ್ನಿ ಎಂದು ಸೈನಿಕರಿಗೆ ಆದೇಶ ಬಂತು. ಒಳಗಿದ್ದ ಬಿಳಿಯರನ್ನು ಮೊದಲೇ ಕರೆದೊಯ್ದಿದ್ದರು. ಜನ ಜೀಪುಗಳ ಮುಂದೆ ಅಡ್ಡ ಮಲಗಿದರು. ಸೈನಿಕರು ಗಾಳಿಯಲ್ಲಿ ಗುಂಡು ಹಾರಿಸಿ ದಾರಿ ಮಾಡಿಕೊಂಡರು. ಅವರು ಹೋದ ಮೇಲೆ ಜನ ಅಮಾಹೊರೊ ಕ್ರೀಡಾಂಗಣದ ಕಡೆಗೆ ನಡೆದರು, ಅಲ್ಲಾದರೂ ವಿಶ್ವಸಂಸ್ಥೆಯವರು ಇದ್ದಾರೆಂದು. ಸೊನಾಟ್ಯೂಬ್ ವೃತ್ತದಲ್ಲಿ ಅವರನ್ನು ತಡೆದು ನ್ಯಾಂಜಾ ಗುಡ್ಡದ ಕಡೆಗೆ ತಿರುಗಿಸಿದರು.

ಶಾಲೆಯಿಂದ ನ್ಯಾಂಜಾವರೆಗೆ ಅದೇ ರಸ್ತೆಯಲ್ಲಿ ನಡೆದು ಹೋಗಬೇಕು, ಮೋಟೊ ಬೇಡ. ಏರು ಇದೆ, ನೀರು ಇಟ್ಟುಕೊಳ್ಳಿ. ಇಕ್ಕೆಲದಲ್ಲಿ ಮೊಬೈಲ್ ಅಂಗಡಿ, ಕಟ್ಟಿಂಗ್ ಶಾಪ್, ಶಾಲೆ ಬಿಟ್ಟ ಮಕ್ಕಳು. ಗುಡ್ಡದ ಮೇಲೆ ಸಮಾಧಿಗಳೂ ಒಂದು ನೆನಪಿನ ತೋಟವೂ ಇವೆ. ಅವತ್ತು ಸಂಜೆ ಇಲ್ಲಿ ಮೊದಲು ಗ್ರೆನೇಡ್ ಎಸೆದು, ಆಮೇಲೆ ಮಚ್ಚಿಗಿಳಿದರು. ಬದುಕುಳಿದವರು ನಂತರ ಬೆಲ್ಜಿಯಂ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. 2010ರಲ್ಲಿ ಬ್ರಸೆಲ್ಸ್‌ನ ಕೆಳ ನ್ಯಾಯಾಲಯ ಅವರ ಪರವಾಗಿ ಹೇಳಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಮೂರನೆಯ ದಿನ: ಗಿಸೊಜಿ ಮತ್ತು ಅಮಾಹೊರೊ

ಗಿಸೊಜಿಯ ಕಿಗಾಲಿ ಸ್ಮಾರಕ 2004ರಲ್ಲಿ ತೆರೆಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಇಲ್ಲಿ ಮಣ್ಣು ಮಾಡಿದ್ದಾರೆ. ಒಳಗೆ ಫೋಟೊ ತೆಗೆಯಬೇಕೆಂದರೆ ಹಣ ಕಟ್ಟಿ ಅನುಮತಿ ಪಡೆಯಬೇಕು. ಹೆಚ್ಚಿನವರು ನೇರ ಒಳಗೆ ಹೋಗಿ, ಮಹಡಿಯ ಮೇಲಿರುವ ಮಕ್ಕಳ ಕೋಣೆಗೆ ತಲುಪುವ ಹೊತ್ತಿಗೆ ನಿಲ್ಲಲಾರದೆ ಹೊರಬಂದುಬಿಡುತ್ತಾರೆ. ಒಂದೊಂದು ಮಗುವಿನ ಚಿತ್ರ, ಕೆಳಗೆ ಅದಕ್ಕೆ ಏನು ತಿನ್ನಲು ಇಷ್ಟ, ಯಾವ ಆಟ ಇಷ್ಟ, ಹೇಗೆ ಸತ್ತಿತು. ಅದಕ್ಕೆ ಸಮಾಧಿಗಳನ್ನು ಮೊದಲು ನೋಡಿ, ತೋಟದಲ್ಲಿ ಸ್ವಲ್ಪ ಕುಳಿತು, ಆಮೇಲೆ ಒಳಗೆ ಹೋಗುವುದು ಮೇಲು. ಅರ್ಮೇನಿಯಾ, ನಾಜಿ ಜರ್ಮನಿ, ಕಾಂಬೋಡಿಯಾ, ಬೋಸ್ನಿಯಾ ಬಗ್ಗೆ ಇರುವ ವಿಭಾಗವನ್ನು ದಣಿವಿನಲ್ಲಿ ಬಿಟ್ಟುಬಿಡುವವರೇ ಜಾಸ್ತಿ. ಅದನ್ನು ನೋಡಿದರೆ ಒಂದು ವಿಷಯ ತಿಳಿಯುತ್ತದೆ: 1948ರ ಡಿಸೆಂಬರ್ 9ರಂದು ಒಪ್ಪಿದ ಜನಾಂಗ ಹತ್ಯೆ ಒಪ್ಪಂದದ ಹೆಸರಿನಲ್ಲಿ 'ತಡೆ' ಎಂಬ ಪದ 'ಶಿಕ್ಷೆ'ಗಿಂತ ಮುಂಚೆ ಬರುತ್ತದೆ. ಶಿಕ್ಷೆ ಹೇಗೆ ಎಂಬುದಕ್ಕೆ ವಿಧಿಗಳಿವೆ. ತಡೆಯಲು ಯಾರು, ಎಷ್ಟು ಸೈನ್ಯ, ಎಷ್ಟು ದಿನದೊಳಗೆ ಎಂಬುದಕ್ಕೆ ಏನೂ ಇಲ್ಲ.

(ನಮ್ಮ ಕಡೆಯದೂ ಒಂದು ಮಾತು. ಭಾರತ 1959ರಲ್ಲಿ ಆ ಒಪ್ಪಂದವನ್ನು ಸ್ಥಿರೀಕರಿಸಿತು. ಆದರೆ ಜನಾಂಗ ಹತ್ಯೆಗೆಂದು ಪ್ರತ್ಯೇಕ ಕಾನೂನು ಮಾಡಿಕೊಂಡಿಲ್ಲ. 1984ರ ಸಿಖ್ಖರ ಹತ್ಯೆಯ ಒಂದು ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2018ರಲ್ಲಿ ಈ ಕೊರತೆಯನ್ನು ಎತ್ತಿ ಹೇಳಿತು.)

ಆ ಒಪ್ಪಂದದ ಕಾರಣಕ್ಕೇ 1994ರಲ್ಲಿ ಒಂದು ಪದದ ಸುತ್ತ ಅಷ್ಟು ಕಸರತ್ತು ನಡೆಯಿತು. 'ಜನಾಂಗ ಹತ್ಯೆ' ಎಂದು ಬಾಯಿ ಬಿಟ್ಟು ಹೇಳಿದರೆ ಏನಾದರೂ ಮಾಡಬೇಕಾಗುತ್ತದೆ. ಏಪ್ರಿಲ್ 30ರ ಭದ್ರತಾ ಮಂಡಳಿಯ ಹೇಳಿಕೆ ಒಪ್ಪಂದದ ವ್ಯಾಖ್ಯೆಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡು, ಆ ಪದವನ್ನು ಮಾತ್ರ ಬಿಟ್ಟಿತು. ಜೂನ್‌ನಲ್ಲೂ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ 'ಜನಾಂಗ ಹತ್ಯೆಯ ಕೃತ್ಯಗಳು ನಡೆದಿವೆ' ಎಂದರು. ಅಂಥ ಎಷ್ಟು ಕೃತ್ಯ ಸೇರಿದರೆ ಒಂದು ಜನಾಂಗ ಹತ್ಯೆ ಆಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳಿದರು. ಉತ್ತರವಿರಲಿಲ್ಲ. ಮಂಡಳಿಯ ಮೇಜಿನ ಸುತ್ತ ಇನ್ನೊಬ್ಬರೂ ಕೂತಿದ್ದರು ಎಂಬುದನ್ನು ಬಹಳ ಜನ ಮರೆಯುತ್ತಾರೆ. 1994ರಲ್ಲಿ ರುವಾಂಡಾವೇ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯ. ಕೊಲ್ಲುತ್ತಿದ್ದ ಸರ್ಕಾರದ ಪ್ರತಿನಿಧಿ ಒಳಗಿನ ಚರ್ಚೆ ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದರು. ಯಾರೂ ಬರುವುದಿಲ್ಲ ಎಂಬುದು ಕೊಲೆಗಾರರಿಗೆ ಊಹಿಸಬೇಕಾದ ವಿಷಯವೇ ಆಗಿರಲಿಲ್ಲ.

ಸ್ಮಾರಕದಲ್ಲಿ ಆರ್‌ಟಿಎಲ್‌ಎಂ ರೇಡಿಯೊದ ವಿವರ ಇರುವ ಕಡೆ ಸ್ವಲ್ಪ ನಿಲ್ಲಿ. 1993ರ ಜುಲೈನಲ್ಲಿ ಆರಂಭವಾದ ಈ ಬಾನುಲಿ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ, ಯಾರು ಎಲ್ಲಿ ಅಡಗಿದ್ದಾರೆಂದು ಹೆಸರು ಹಿಡಿದು ಹೇಳುತ್ತಿತ್ತು. ಇದನ್ನು ಆಕಾಶದಿಂದ ಅಡಗಿಸಬಲ್ಲ ವಿಮಾನ ಅಮೆರಿಕದ ಬಳಿ ಇತ್ತು. ಗಂಟೆಗೆ ಸುಮಾರು 8,500 ಡಾಲರ್ ಖರ್ಚು, ಫಲವೂ ಅಷ್ಟಕ್ಕಷ್ಟೆ ಎಂದು ಪೆಂಟಗನ್ ಮೇ 5ರ ಟಿಪ್ಪಣಿಯಲ್ಲಿ ಕೈ ತೊಳೆದುಕೊಂಡಿತು. ವಿಶ್ವಸಂಸ್ಥೆಯ ಶಾಂತಿ ಕಾರ್ಯಾಚರಣೆಗಳಿಗೆ ಕಟ್ಟುನಿಟ್ಟಿನ ಷರತ್ತು ಹಾಕುವ ಅಧ್ಯಕ್ಷೀಯ ನಿರ್ದೇಶನಕ್ಕೆ ಕ್ಲಿಂಟನ್ ಸಹಿ ಹಾಕಿದ್ದು ಅದಕ್ಕೆ ಎರಡು ದಿನ ಮುಂಚೆ.

ಸಂಜೆ ಅಮಾಹೊರೊ. ಹಳೆಯ ಕ್ರೀಡಾಂಗಣವನ್ನು ಈಗ ಹಿಗ್ಗಿಸಿದ್ದಾರೆ. 2024ರಲ್ಲಿ 45,000 ಆಸನಗಳೊಂದಿಗೆ ಮತ್ತೆ ತೆರೆಯಿತು, ಹಳೆಯದರ ಗುರುತು ಸಿಗುವುದು ಕಷ್ಟ. ಪಂದ್ಯವಿದ್ದ ದಿನ ಹತ್ತಿರ ಹೋಗಲಾಗದು. 1994ರಲ್ಲಿ ಇಲ್ಲಿ ಸುಮಾರು 12,000 ಜನ ಆಶ್ರಯ ಪಡೆದಿದ್ದರು. ಏಪ್ರಿಲ್ 21ರ 912ನೇ ನಿರ್ಣಯ 2,500ರಷ್ಟಿದ್ದ ಪಡೆಯನ್ನು 270ಕ್ಕೆ ಇಳಿಸಿತು. ಡಲೇರ್ ಮತ್ತು ಘಾನಾದ ಹೆನ್ರಿ ಅನ್ಯಿಡೊಹೊ ಆ ಮಾತನ್ನು ಅಕ್ಷರಶಃ ಪಾಲಿಸದೆ ಸುಮಾರು 450 ಜನರನ್ನು ಉಳಿಸಿಕೊಂಡರು, ಹೆಚ್ಚಿನವರು ಘಾನಾದವರು. ಕೈಯಲ್ಲಿ ಹಗುರ ಆಯುಧ, ಹೊಟ್ಟೆಗೆ ಅರ್ಧ ಊಟ. ಆದರೂ ಅವರು ನಿಂತ ಕಡೆ ಸಾವಿರಾರು ಜನ ಉಳಿದರು. ಸೆನೆಗಲ್‌ನ ಕ್ಯಾಪ್ಟನ್ ಎಂಬಾಯೆ ಡಿಯಾನ್ ಬರಿಗೈಯಲ್ಲಿ ರಸ್ತೆ ತಡೆಗಳಲ್ಲಿ ಮಾತಾಡಿ, ನಗಿಸಿ, ಸಿಗರೇಟು ಕೊಟ್ಟು, ಕಾರಿನಲ್ಲಿ ನಾಲ್ಕೈದು ಜನರಂತೆ ನೂರಾರು ಮಂದಿಯನ್ನು ದಾಟಿಸಿದರು. ಮೇ 31ರಂದು ಶೆಲ್ ಚೂರು ಬಡಿದು ತೀರಿಕೊಂಡರು. ಕಡಿಮೆ ಜನರಿಂದ ಏನೂ ಆಗುತ್ತಿರಲಿಲ್ಲ ಎಂಬ ವಾದಕ್ಕೆ ಇಲ್ಲಿ ಕಾಲೂರಲು ಜಾಗವಿಲ್ಲ.

ಮೇ 17ರಂದು ಮಂಡಳಿ ಮನಸ್ಸು ಬದಲಿಸಿ 5,500 ಸೈನಿಕರಿಗೆ ಒಪ್ಪಿಗೆ ಕೊಟ್ಟಿತು. ಜುಲೈ ಕೊನೆಗೆ ಡಲೇರ್ ಬಳಿ ಇದ್ದವರು ಸುಮಾರು 550. ಸೈನಿಕರನ್ನು ಕೊಡಲು ಒಪ್ಪಿದ ಆಫ್ರಿಕಾದ ದೇಶಗಳ ಬಳಿ ವಾಹನವಿರಲಿಲ್ಲ. ವಾಹನವಿದ್ದ ಅಮೆರಿಕ 50 ಕವಚವಾಹನಗಳ ಬಾಡಿಗೆ ಯಾರು ಕಟ್ಟಬೇಕು, ಸಾಗಣೆಗೆ ಎಷ್ಟು ಎಂದು ವಾರಗಟ್ಟಲೆ ಚೌಕಾಸಿ ಮಾಡಿತು.

ನಾಲ್ಕನೆಯ ದಿನ: ಬುಗೆಸೆರಾ

ಕಿಗಾಲಿಯಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಒಳ್ಳೆಯ ರಸ್ತೆ. ನ್ಯಾಬುಗೊಗೊ ಬಸ್ ನಿಲ್ದಾಣದಿಂದ ನ್ಯಾಮಾಟಾಕ್ಕೆ ಬಸ್ಸುಗಳಿವೆ. ಎನ್‌ತಾರಾಮಾ ನಡುವೆ ಬರುತ್ತದೆ, ಮುಖ್ಯರಸ್ತೆಯಿಂದ ಒಳಗೆ ಮೋಟೊ. ದಾರಿಯಲ್ಲಿ ನ್ಯಾಬಾರೊಂಗೊ ನದಿಯ ಸೇತುವೆ. ಟುಟ್ಸಿಗಳನ್ನು ಇದೇ ನದಿಯಲ್ಲಿ ಅವರ ಮೂಲದೇಶ ಇಥಿಯೋಪಿಯಾಕ್ಕೆ ಕಳಿಸಿಕೊಡೋಣ ಎಂದು ಲಿಯೊನ್ ಮುಗೆಸೆರಾ ಎಂಬ ರಾಜಕಾರಣಿ 1992ರ ನವೆಂಬರ್ 22ರಂದು ಬಹಿರಂಗ ಸಭೆಯಲ್ಲಿ ಹೇಳಿದ್ದ. 1994ರಲ್ಲಿ ಹೆಣಗಳು ತೇಲಿಕೊಂಡು ಅಕಾಗೆರಾ ನದಿ ಸೇರಿ ವಿಕ್ಟೋರಿಯಾ ಸರೋವರದವರೆಗೆ ಹೋದವು.

ಎನ್‌ತಾರಾಮಾ ಚರ್ಚಿನಲ್ಲಿ ಏಪ್ರಿಲ್ 15ರಂದು ಸುಮಾರು 5,000 ಜನ. ನ್ಯಾಮಾಟಾದಲ್ಲಿ ಅದಕ್ಕಿಂತ ಹೆಚ್ಚು; ಸುತ್ತಮುತ್ತ ಸತ್ತವರೂ ಸೇರಿ ಸುಮಾರು 45,000 ಜನರ ಅವಶೇಷ ಅಲ್ಲಿದೆ. ನ್ಯಾಮಾಟಾದ ತಗಡಿನ ಚಾವಣಿಯಲ್ಲಿ ಗ್ರೆನೇಡ್ ಚೂರುಗಳು ಕೊರೆದ ತೂತುಗಳಿಂದ ಬಿಸಿಲಿನ ಚುಕ್ಕಿಗಳು ಬೀಳುತ್ತವೆ. ಬೆಂಚುಗಳ ಮೇಲೆ ಸತ್ತವರ ಬಟ್ಟೆಯ ರಾಶಿ. ಒಳಗೆ ಫೋಟೊ ಇಲ್ಲ. ಹಿಂಭಾಗದ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಡಿದು, ತಲೆಬುರುಡೆಗಳ ಕಪಾಟುಗಳ ನಡುವೆ ಒಬ್ಬರಷ್ಟೇ ನಡೆಯಬಹುದು. ಇಕ್ಕಟ್ಟು ಆಗದವರು ಇಳಿಯದಿರುವುದೇ ವಾಸಿ. ಚರ್ಚಿಗೇ ಏಕೆ ಓಡಿಬಂದರು ಎಂದು ಬಂದವರೆಲ್ಲ ಕೇಳುತ್ತಾರೆ. ಹಿಂದಿನ ಗಲಭೆಗಳಲ್ಲಿ ಚರ್ಚಿನೊಳಗೆ ಸೇರಿದವರನ್ನು ಮುಟ್ಟಿರಲಿಲ್ಲ, ಅದಕ್ಕೆ.

ಚರ್ಚಿನ ಪಕ್ಕದಲ್ಲಿ ಒಂದು ಒಂಟಿ ಸಮಾಧಿಯಿದೆ. ಮಾರ್ಗದರ್ಶಕರು ಹೇಳದಿದ್ದರೆ ಕೇಳಿ ತೋರಿಸಿಕೊಳ್ಳಿ. ಅಂತೋನಿಯಾ ಲೊಕಾತೆಲ್ಲಿ ಎಂಬ ಇಟಲಿಯ ಸೇವಾಕರ್ತೆಯದು. 1992ರ ಮಾರ್ಚ್‌ನಲ್ಲಿ ಬುಗೆಸೆರಾದಲ್ಲಿ ಟುಟ್ಸಿಗಳ ಮನೆ ಸುಟ್ಟು ಕೊಲ್ಲತೊಡಗಿದಾಗ, ಇದು ಜನ ತಾವಾಗಿ ಮಾಡುತ್ತಿರುವುದಲ್ಲ, ಸರ್ಕಾರದವರೇ ಮಾಡಿಸುತ್ತಿದ್ದಾರೆಂದು ಆಕೆ ವಿದೇಶಿ ರೇಡಿಯೊಗೆ ಫೋನ್ ಮಾಡಿ ಹೇಳಿದರು. ಕೂಡಲೇ ಗುಂಡಿಕ್ಕಿ ಕೊಂದರು. ಮರುವರ್ಷ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಬಾಕ್ರೆ ವಾಲಿ ಎನ್‌ಡಿಯಾಯೆ ಬಂದು ನೋಡಿ, ಇಲ್ಲಿ ಟುಟ್ಸಿಗಳನ್ನು ಟುಟ್ಸಿಗಳೆಂಬ ಕಾರಣಕ್ಕೇ ಕೊಲ್ಲುತ್ತಿದ್ದಾರೆ, ಜನಾಂಗ ಹತ್ಯೆ ಒಪ್ಪಂದ ಅನ್ವಯಿಸಬಹುದು ಎಂದು 1993ರ ಆಗಸ್ಟ್‌ನಲ್ಲಿ ಬರೆದರು. ಡಲೇರ್ ಅಲ್ಲಿಗೆ ಹೊರಡುವಾಗ ಆ ವರದಿಯನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ.

ಐದನೆಯ ದಿನ: ಹುಯೆ ಮತ್ತು ಮುರಾಂಬಿ

ಕಿಗಾಲಿಯಿಂದ ಹುಯೆಗೆ ಸುಮಾರು 130 ಕಿಲೋಮೀಟರ್. ಗುಡ್ಡದ ತಿರುವುಗಳಿಂದಾಗಿ ಎರಡೂವರೆ, ಮೂರು ಗಂಟೆ. ವಾಂತಿ ಬರುವವರು ಬಸ್ಸಿನ ಮುಂದಿನ ಸೀಟು ಹಿಡಿಯಬೇಕು. ಮುಹಾಂಗಾಕ್ಕೆ ಮುಂಚೆ ಹಾದುಹೋಗುವ ಸೀಮೆಯಲ್ಲಿ ತಾಬಾ ಇದೆ. ಅಲ್ಲಿನ ಮೇಯರ್ ಜಾನ್-ಪಾಲ್ ಅಕಾಯೆಸು ಮೊದಲ ಹತ್ತು ಹನ್ನೆರಡು ದಿನ ಕೊಲೆ ತಡೆದಿದ್ದ. ಏಪ್ರಿಲ್ 18ರಂದು, ಹಬ್ಯಾರಿಮಾನಾ ಸತ್ತ ಮೇಲೆ ಬಂದ ಹಂಗಾಮಿ ಸರ್ಕಾರದವರ ಸಭೆಗೆ ಹೋಗಿ ಬಂದವನು ಬದಲಾದ. 1998ರ ಸೆಪ್ಟೆಂಬರ್ 2ರಂದು ರುವಾಂಡಾ ಪ್ರಕರಣಗಳಿಗೆಂದು ತಾಂಜಾನಿಯಾದ ಅರೂಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನನ್ನು ಜನಾಂಗ ಹತ್ಯೆಯ ಅಪರಾಧಿ ಎಂದಿತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಹಾಗೆ ತೀರ್ಪು ಕೊಟ್ಟದ್ದು ಅದೇ ಮೊದಲು. ಅತ್ಯಾಚಾರವೂ ಜನಾಂಗ ಹತ್ಯೆಯ ಸಾಧನವಾಗಬಲ್ಲದು ಎಂದದ್ದೂ ಅಲ್ಲೇ.

ಹುಯೆಯ ಆಗಿನ ಹೆಸರು ಬುಟಾರೆ. ಅದರದೂ ತಾಬಾದ್ದೇ ಕತೆ, ದೊಡ್ಡದಾಗಿ. ಇಡೀ ದೇಶದಲ್ಲಿ ಟುಟ್ಸಿಯಾಗಿದ್ದ ಒಬ್ಬನೇ ಜಿಲ್ಲಾಧಿಕಾರಿ, ಜಾನ್-ಬಾಪ್ಟಿಸ್ಟ್ ಹಬ್ಯಾಲಿಮಾನಾ, ಇಲ್ಲಿದ್ದರು. ಸುತ್ತ ಊರುಗಳು ಉರಿಯುತ್ತಿದ್ದಾಗ ಬುಟಾರೆ ಎರಡು ವಾರ ಶಾಂತವಾಗಿತ್ತು. ಅವರನ್ನು ತೆಗೆದುಹಾಕಿ, ಏಪ್ರಿಲ್ 19ರಂದು ಹಂಗಾಮಿ ಅಧ್ಯಕ್ಷ ಸಿಂಡಿಕುಬ್ವಾಬೊ ಬಂದು 'ಕೆಲಸ' ಮಾಡದೆ ಕೂತಿದ್ದೀರೆಂದು ಭಾಷಣ ಮಾಡಿದ ಮೇಲೆ ಆರಂಭವಾಯಿತು. ಇದು ಹಳೆಯ ಬುಡಕಟ್ಟು ದ್ವೇಷ, ಹೊರಗಿನವರು ತಡೆಯಲಾಗದ್ದು ಎಂದು ಆಗ ವಿದೇಶಿ ರಾಜಧಾನಿಗಳಲ್ಲಿ ಹೇಳುತ್ತಿದ್ದರು. ಒಬ್ಬ ಅಧಿಕಾರಿಯನ್ನು ಬದಲಿಸುವವರೆಗೆ ಕಾಯುವ ದ್ವೇಷ ಎಂಥದ್ದು?

ಊಟಕ್ಕೆ ಹುಯೆ ಅನುಕೂಲ. ಮರಗೆಣಸಿನ ಹಿಟ್ಟಿನ ಉಬುಗಾರಿ ನಮ್ಮ ಮುದ್ದೆಯ ದಾಯಾದಿ. ಮರಗೆಣಸಿನ ಸೊಪ್ಪಿನ ಇಸೊಂಬೆ ಜತೆ ಚೆನ್ನ. ಮುರಾಂಬಿಗೆ ಮುಂಚೆಯೇ ಉಣ್ಣಬೇಕು, ಆಮೇಲೆ ಸೇರುವುದಿಲ್ಲ.

ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದ ನ್ಯಾಮಗಾಬೆ ಊರಿನ ಹೊರಗೆ, ಗುಡ್ಡಗಳು ಸುತ್ತುವರಿದ ದಿಬ್ಬದ ಮೇಲೆ ಮುರಾಂಬಿ ತಾಂತ್ರಿಕ ಶಾಲೆ. ಕಟ್ಟಡ ಇನ್ನೂ ಮುಗಿದಿರಲಿಲ್ಲ. ರಕ್ಷಣೆ ಕೊಡುತ್ತೇವೆ ಎಂದು ಅಧಿಕಾರಿಗಳೇ ಜನರನ್ನು ಇಲ್ಲಿ ಸೇರಿಸಿದರು. ಆಮೇಲೆ ನೀರಿನ ಪೈಪು ಕಡಿದು, ಹಸಿವಿನಿಂದ ಸೊರಗಿಸಿ, ಏಪ್ರಿಲ್ 21ರ ನಸುಕಿನಲ್ಲಿ ಮೇಲೇರಿ ಬಂದರು. ರುವಾಂಡಾದ ಲೆಕ್ಕದಲ್ಲಿ ಸುಮಾರು 50,000 ಜನ. ಅದೇ ಏಪ್ರಿಲ್ 21ರಂದು ನ್ಯೂಯಾರ್ಕ್‌ನಲ್ಲಿ 270ರ ನಿರ್ಣಯಕ್ಕೆ ಎಲ್ಲರೂ ಕೈ ಎತ್ತಿದರು.

ತರಗತಿಗಳಲ್ಲಿ ಸುಣ್ಣ ಹಚ್ಚಿ ಉಳಿಸಿದ ದೇಹಗಳಿವೆ. ಅವನ್ನು ನೋಡಲೇಬೇಕೆಂದಿಲ್ಲ, ಒಲ್ಲೆ ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಆದರೆ ಹಿಂದಿನ ಬಯಲಿಗೆ ಹೋಗಿ ಅಲ್ಲಿನ ಫಲಕ ಓದಬೇಕು. ಜೂನ್ ಕೊನೆಗೆ ಬಂದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟು, ಸಾಮೂಹಿಕ ಗುಂಡಿಗಳ ಪಕ್ಕದಲ್ಲಿ ವಾಲಿಬಾಲ್ ಆಡುತ್ತಿದ್ದರೆಂದು ಅದರಲ್ಲಿದೆ.

ಆರನೆಯ ದಿನ: ಕರೊಂಗಿ, ಬಿಸೆಸೆರೊ

ಹುಯೆಯಿಂದ ಮುಹಾಂಗಾಕ್ಕೆ ಹಿಂದಿರುಗಿ ಪಶ್ಚಿಮಕ್ಕೆ ತಿರುಗಿದರೆ ಕಿವು ಸರೋವರದ ದಡದ ಕರೊಂಗಿ, ಆಗ ಕಿಬುಯೆ. ದೇಶದಲ್ಲೇ ಚೆಂದದ ಊರುಗಳಲ್ಲಿ ಒಂದು. ನೀರಿಗೆ ಚಾಚಿದ ದಿಬ್ಬದ ಮೇಲಿನ ಕಲ್ಲಿನ ಚರ್ಚಿನಲ್ಲಿ ಏಪ್ರಿಲ್ 17ರಂದು, ಊರಿನ ಗಟ್ವಾರೊ ಕ್ರೀಡಾಂಗಣದಲ್ಲಿ ಮರುದಿನ ಹತ್ಯೆ. ಆದೇಶ ಕೊಟ್ಟ ಜಿಲ್ಲಾಧಿಕಾರಿ ಕ್ಲೆಮೆಂಟ್ ಕಾಯಿಷೆಮಾ ವೈದ್ಯ. ಜೀವಾವಧಿ ಶಿಕ್ಷೆಯಾಯಿತು.

ಬಿಸೆಸೆರೊಗೆ ಬಸ್ ನಂಬಿಕೊಂಡು ಹೋಗಬಾರದು. ಕರೊಂಗಿಯಲ್ಲಿ ಕಾರು ಗೊತ್ತು ಮಾಡಿಕೊಂಡು ಬೆಳಿಗ್ಗೆಯೇ ಹೊರಡಬೇಕು. ಮಧ್ಯಾಹ್ನದ ಮೇಲೆ ಮಳೆ ಬಂದರೆ ಕೆಂಪು ಮಣ್ಣಿನಲ್ಲಿ ಚಕ್ರ ಜಾರುತ್ತದೆ. ಮೇಲೆ ಚಳಿ, ಸ್ವೆಟರ್ ಬೇಕು. ಗಿಸೊಜಿ, ನ್ಯಾಮಾಟಾ, ಮುರಾಂಬಿ ಜತೆಗೆ ಇದೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ, ಆದರೂ ಬರುವವರು ಕಡಿಮೆ. ಬಾಗಿಲಿನಲ್ಲಿ ಕಲ್ಲುಗಳ ನಡುವೆ ಈಟಿಗಳು. ಅಲ್ಲಿಂದ ಮೆಟ್ಟಿಲು ಸುತ್ತುತ್ತ ಏರುತ್ತದೆ, ಒಂಬತ್ತು ಪುಟ್ಟ ಕಟ್ಟಡಗಳನ್ನು ದಾಟಿ. ಆಗಿನ ಕಿಬುಯೆ ಜಿಲ್ಲೆಯ ಒಂಬತ್ತು ತಾಲ್ಲೂಕುಗಳಿಗೆ ಒಂದೊಂದು. ಉಸಿರು ಹಿಡಿಯುತ್ತದೆ, ನಿಧಾನ ಹತ್ತಬೇಕು.

ಇಲ್ಲಿನ ಟುಟ್ಸಿಗಳು ದನಗಾಹಿಗಳು. ಸುಮಾರು 50,000 ಜನ ಈ ಗುಡ್ಡಗಳ ಮೇಲೆ ಸೇರಿ ಕಲ್ಲು, ದೊಣ್ಣೆ, ಈಟಿಗಳಿಂದ ವಾರಗಟ್ಟಲೆ ಎದುರಿಸಿದರು. ಉಪಾಯ ಸರಳ: ಗುಡ್ಡದ ಮೇಲಿಂದ ಒಮ್ಮೆಗೇ ಕೆಳಗೆ ನುಗ್ಗಿ ದಾಳಿಕೋರರ ನಡುವೆ ಬೆರೆತುಬಿಡುವುದು, ಬೆರೆತರೆ ಬಂದೂಕಿನವರು ತಮ್ಮವರಿಗೇ ಬಿದ್ದೀತೆಂದು ಗುಂಡು ಹಾರಿಸಲಾರರು. ಮೇ 13 ಮತ್ತು 14ರಂದು ಬೇರೆ ಜಿಲ್ಲೆಗಳಿಂದಲೂ ಬಸ್ಸುಗಳಲ್ಲಿ ಸೈನಿಕರನ್ನು ತಂದು ಹೊಡೆದ ಮೇಲೆ ಆ ಬಲ ಮುರಿಯಿತು.

ಜೂನ್ 22ರಂದು ಭದ್ರತಾ ಮಂಡಳಿ ಫ್ರಾನ್ಸಿನ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟಿತು: ಪರವಾಗಿ ಹತ್ತು, ತಟಸ್ಥ ಐದು. ಡಲೇರ್‌ಗೆ ಎರಡು ತಿಂಗಳಲ್ಲಿ ಸಿಗದ 2,500 ಸೈನಿಕರು ಕೆಲವೇ ದಿನಗಳಲ್ಲಿ ಬಂದರು. ಜೂನ್ 27ರಂದು ಒಂದು ಸಣ್ಣ ಫ್ರೆಂಚ್ ತುಕಡಿ ಈ ರಸ್ತೆಯಲ್ಲಿ ಬಂತು, ಜತೆಗೆ ಪತ್ರಕರ್ತರೂ ಇದ್ದರು. ವಾಹನಗಳ ಸದ್ದು ಕೇಳಿ ಪೊದೆ, ಗುಂಡಿಗಳಲ್ಲಿ ಅಡಗಿದ್ದವರು ಹೊರಬಂದರು. ಗಾಯ ತೋರಿಸಿದರು, ಹತ್ತಿರದ ಹೆಣ ತೋರಿಸಿದರು. ನಮ್ಮ ಬಳಿ ಜನ ಸಾಲದು, ಮೂರು ದಿನ ಬಿಟ್ಟು ಬರುತ್ತೇವೆ, ಅಡಗಿಕೊಂಡಿರಿ ಎಂದು ಹೇಳಿ ತುಕಡಿ ಹೊರಟಿತು. ಅದರ ಅಧಿಕಾರಿ ಅವತ್ತೇ ಮೇಲಿನವರಿಗೆ ವರದಿ ಕಳಿಸಿದ. ಅಡಗಿದ್ದವರೆಲ್ಲ ಹೊರಬಂದದ್ದನ್ನು ಎದುರು ಗುಡ್ಡದಿಂದ ಕೊಲೆಗಾರರೂ ನೋಡಿದ್ದರು.

ಜೂನ್ 30ರಂದು ಫ್ರೆಂಚರು ಮತ್ತೆ ಬಂದಾಗ ಸಿಕ್ಕವರು ಸುಮಾರು 800. ಬದುಕುಳಿದವರು 2005ರಲ್ಲಿ ಪ್ಯಾರಿಸ್‌ನಲ್ಲಿ ದೂರು ಕೊಟ್ಟರು. 2022ರಲ್ಲಿ ನ್ಯಾಯಾಧೀಶರು, ಸೇನಾಧಿಕಾರಿಗಳನ್ನು ವಿಚಾರಣೆಗೆ ಒಪ್ಪಿಸುವಷ್ಟು ಆಧಾರವಿಲ್ಲ ಎಂದರು.

ಗುಡ್ಡದ ನೆತ್ತಿಯ ಸಮಾಧಿಗಳ ಬಳಿ ನಿಂತರೆ ರಸ್ತೆ ಬಹಳ ದೂರದವರೆಗೆ ಕಾಣುತ್ತದೆ. ಕರೊಂಗಿಯಿಂದ ಬರುವ ವಾಹನ ಯಾವುದೇ ಆಗಲಿ, ಇಲ್ಲಿಗೆ ಮುಟ್ಟುವ ಬಹಳ ಮೊದಲೇ ಕಣ್ಣಿಗೆ ಬೀಳುತ್ತದೆ.